ಪಂಚಮಿಗೆ ಒಂದು ಪ್ಲಗ್ಗು

ಪ್ಲಗ್ಗು ಅಂದರೆ ಏನು ಮಹಾ? ಹೆಬ್ಬೆರಳಿನಷ್ಟು ಉದ್ದ, ಮೇಲೆ ಬಿಳಿ ಪಿಂಗಾಣಿ, ಕೆಳಗೆ ತಿರುಪು, ತುದಿಗೆ ಎರಡು ಮೊಳೆಯಂಥ ಕಡ್ಡಿ. ಆ ಕಡ್ಡಿಗಳ ನಡುವೆ ಕಿಡಿ ಹಾರಿದರೆ ಪೆಟ್ರೋಲು ಹೊತ್ತಿಕೊಂಡು ಎಂಜಿನ್ ಓಡುತ್ತದೆ. ಹಾರದಿದ್ದರೆ ಅಷ್ಟು ದೊಡ್ಡ ಮೋಟಾರ್ ಸೈಕಲ್ಲು ಮನೆಯ ಮುಂದೆ ಸುಮ್ಮನೆ ನಿಲ್ಲುತ್ತದೆ, ಕೋಳಿಗಳು ಅದರ ಮೇಲೆ ಹತ್ತಿ ಕೂಡುತ್ತವೆ. ನನ್ನ ಗಾಡಿಗೆ ಒಂದೇ ಸಿಲಿಂಡರು, ಒಂದೇ ಪ್ಲಗ್ಗು. ಆ ಒಂದು ಪ್ಲಗ್ಗು, ಎರಡನೇ ಮಹಾಯುದ್ಧದ ನಟ್ಟನಡುವೆ, ಕಾರಹುಣ್ಣಿಮೆ ಮುಗಿದ ವಾರ ಸತ್ತುಹೋಯಿತು. ಬಿಚ್ಚಿ ನೋಡಿದರೆ ಪಿಂಗಾಣಿ ಉದ್ದಕ್ಕೂ ಸೀಳಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಆಗ ನಾನು ಧಾರವಾಡದಲ್ಲಿ ರಸ್ತೆಗಳ ಓವರ್ಸಿಯರ್. ಸುತ್ತಲಿನ ಹಳ್ಳಿಗಳ ರಸ್ತೆ, ಮೋರಿ, ಸಣ್ಣ ಸೇತುವೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೆಲಸಕ್ಕೆಂದೇ ಪೆಟ್ರೋಲಿನ ಕೂಪನ್ನು ಸಿಗುತ್ತಿತ್ತು, ಆ ಕೆಲಸಕ್ಕೆಂದೇ ಈ ಗಾಡಿ ಕೊಂಡಿದ್ದೆ. ವಿಲಾಯತಿಗೆ ಮರಳಿ ಹೊರಟಿದ್ದ ಒಬ್ಬ ಸಾಹೇಬ ಮಾರಿಹೋದ ಹಳೇ ಗಾಡಿ ಅದು, ಪಕ್ಕದಲ್ಲಿ ಒಬ್ಬರು ಕೂಡುವ ಸೈಡ್‌ಕಾರು ಬೇರೆ. ಊರವರು ಗಾಡಿಗೆ ಫಟಫಟಿ ಅನ್ನುತ್ತಿದ್ದರು, ಸೈಡ್‌ಕಾರಿಗೆ ತೊಟ್ಟಿಲು ಅನ್ನುತ್ತಿದ್ದರು. ನಮ್ಮವ್ವ ಒಂದು ದಿನವೂ ಅದರಲ್ಲಿ ಕೂಡಲಿಲ್ಲ. "ನಾ ಏನ್ ಮೊಸರ ಗಡಿಗಿ ಏನೋ, ಬಾಜೂಕ ಕಟಗೊಂಡು ಹೋಗಾಕ?" ಅಂದು ಒಳಗೆ ಹೋಗಿಬಿಡುತ್ತಿದ್ದಳು.

ಅವ್ವ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಯಾವ ಹಬ್ಬವೂ ಆಗಲಿಲ್ಲ. ಸೂತಕದ ವರ್ಷ, ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡಬಾರದು ಅನ್ನುತ್ತಾರೆ. ಇಡುವವರೇ ಇರಲಿಲ್ಲ, ಇಡಬಾರದು ಅನ್ನುವ ನಿಯಮ ಯಾರಿಗಾಗಿ? ಅಪ್ಪ ನಾನು ಸಾಲಿಯಲ್ಲಿರುವಾಗಲೇ ಹೋಗಿದ್ದ. ನನಗೆ ಮದುವೆ ಆಗಿರಲಿಲ್ಲ. ಮೊದಲು ಎರಡು ಕಡೆ ಮಾತು ಮುರಿಯಿತು, ಆಮೇಲೆ ಅವ್ವನ ಜಡ್ಡು ಶುರುವಾಯಿತು, ಅದು ಮುಗಿಯುವ ಹೊತ್ತಿಗೆ ಕೇಳಿಕೊಂಡು ಬರುವವರೂ ನಿಂತುಹೋದರು. ಎರಡು ಹೊತ್ತೂ ಖಾನಾವಳಿಯಲ್ಲಿ ಊಟ. ರಾತ್ರಿ ಕೀಲಿ ತೆಗೆದು ಒಳಗೆ ಬಂದರೆ ಬೆಳಿಗ್ಗೆ ನಾನು ಚೆಲ್ಲಿ ಹೋಗಿದ್ದ ನೀರಿನ ಚೊಂಬು ಉರುಳಿದಲ್ಲೇ ಉರುಳಿರುತ್ತಿತ್ತು. ಎತ್ತಿ ಇಡುವವರು ಇಲ್ಲ ಅನ್ನುವುದಕ್ಕಿಂತ, ಯಾಕೋ ಹೀಗೆ ಚೆಲ್ಲಾಡಿ ಅಂತ ಬೈಯುವವರು ಇಲ್ಲ ಅನ್ನುವುದು ಹೆಚ್ಚು ಕಷ್ಟವಾಗುತ್ತಿತ್ತು. ಖರೇ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಮನೆಗೆ ಹೋಗುವುದೆಂದರೆ ಬೇಸರ ಬರುತ್ತಿತ್ತು.

ನನಗಿದ್ದದ್ದು ಒಬ್ಬಳೇ ತಂಗಿ. ಉಪ್ಪಿನಬೆಟಗೇರಿಗೆ ಕೊಟ್ಟಿದ್ದೆವು. ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು, ಅದು ನಮ್ಮ ಕಡೆಯ ಪದ್ಧತಿ. ಕರೆಯುವವರು ಬಾಗಿಲಿಗೆ ಬಾರದೆ ಯಾವ ಸೊಸೆಯೂ ತಾನಾಗಿ ಹೊರಡುವುದಿಲ್ಲ, ಯಾವ ಅತ್ತೆಯೂ ಕಳಿಸುವುದಿಲ್ಲ. ಅವ್ವ ಇರುವವರೆಗೆ ಪ್ರತಿ ವರ್ಷ ನಾನೇ ಹೋಗಿ ತರುತ್ತಿದ್ದೆ. ಜೋಕಾಲಿ ಕಟ್ಟುತ್ತಿದ್ದೆ, ಉಂಡಿ ತಿನ್ನುತ್ತಿದ್ದೆ, ತಂಗಿಯ ಕೂಡ ಜಗಳಾಡುತ್ತಿದ್ದೆ. ಸೂತಕ ಕಳೆದ ಮೇಲೆ ಬಂದ ಮೊದಲ ಪಂಚಮಿಗೆ, ಆಕಾಶ ಕೆಳಗೆ ಬೀಳಲಿ, ತಂಗಿಯನ್ನು ಕರೆತಂದೇ ತೀರುತ್ತೇನೆ ಅಂತ ಹಟ ಹಿಡಿದೆ. ಸಂತೆಗೆ ಬಂದಿದ್ದ ಆ ಊರಿನ ಒಬ್ಬನ ಕೈಯಲ್ಲಿ ಮಾತು ಕಳಿಸಿದೆ: "ರೊಟ್ಟಿ ಪಂಚಮಿ ದಿನಾ ಫಟಫಟಿ ತಗೊಂಡು ಬರ್ತೇನಿ, ತಯಾರಾಗಿರು ಅಂತ ಹೇಳು." ನಾಲ್ಕು ದಿನ ಮನೆಯಲ್ಲಿ ಒಂದು ಹೆಣ್ಣುದನಿ ಕೇಳಿದರೆ ಸಾಕಾಗಿತ್ತು. ಅದಕ್ಕಿಂತ ಹೆಚ್ಚಿನದು ಏನೂ ನನಗೆ ಬೇಕಾಗಿರಲಿಲ್ಲ.

ಬೇರೆ ದಾರಿ ಇರಲಿಲ್ಲವೇ ಅಂತ ಈಗ ಕೇಳುತ್ತಾರೆ. ಇರಲಿಲ್ಲ. ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು, ಅಂದರೆ ಏರು ಬಂದಲ್ಲಿ ಜನ ಇಳಿದು ನೂಕುತ್ತಿದ್ದರು. ಮಳೆ ಹಿಡಿದು ಎರೆಮಣ್ಣು ಕೆಸರಾದರೆ ಅದೂ ಬಂದ್. ಚಕ್ಕಡಿ ಹೂಡೋಣವೆಂದರೆ ಆ ವರ್ಷ ರೊಟ್ಟಿ ಪಂಚಮಿ, ಅಂದರೆ ಹಬ್ಬದ ಮೊದಲ ದಿನ, ಸೋಮವಾರ ಬಿದ್ದಿತ್ತು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಏರಿಸುವವರು ನಮ್ಮಲ್ಲಿ ಯಾರಿದ್ದಾರೆ? ಉಳಿದದ್ದು ಫಟಫಟಿ ಒಂದೇ. ಅದಕ್ಕೆ ಪ್ಲಗ್ಗಿಲ್ಲ.

ಧಾರವಾಡದ ಅಂಗಡಿಗಳಲ್ಲಿ ಕೇಳಿದೆ. ಪ್ಲಗ್ಗು ಅಂದ ಕೂಡಲೇ ಎಲ್ಲರೂ ಕೈ ಎತ್ತಿಬಿಟ್ಟರು. ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಮೊದಲು ವಿಲಾಯತಿ ಸಾಮಾನು ಮಾರುತ್ತಿದ್ದ ದೊಡ್ಡ ಅಂಗಡಿಯವನು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಯುದ್ಧ ಮುಗೀಲಿ, ಬರ್ರಿ," ಅಂದ. ಪಂಚಮಿಗೆ ಮೊದಲು ಯುದ್ಧ ಮುಗಿಯುತ್ತದೇನಪ್ಪಾ ಅಂತ ಕೇಳಬೇಕೆನ್ನಿಸಿತು, ಹಲ್ಲು ಕಚ್ಚಿ ಹೊರಗೆ ಬಂದೆ. ಅಲ್ಲಿಂದ ದುರ್ಗದ ಬೈಲಿನ ಹತ್ತಿರ ಒಂದು ಗುಜರಿ ಅಂಗಡಿಗೆ ಹೋದೆ. ಹಳೇ ಮೋಟಾರು, ಹೊಲಿಗೆ ಯಂತ್ರ, ಗಡಿಯಾರ ಎಲ್ಲ ಬಿಚ್ಚಿ ಬಿಡಿಬಿಡಿಯಾಗಿ ಮಾರುವ ಅಂಗಡಿ. ಅಲ್ಲಿ ಗಡ್ಡಕ್ಕೆ ಮೆಹಂದಿ ಹಚ್ಚಿದ ಒಬ್ಬ ಚಾಚಾ ಕೂತಿದ್ದ.

"ಫಟಫಟಿ ಪ್ಲಗ್ಗ ಅದಾವೇನ್ರಿ ಚಾಚಾ?"

"ಅದಾವೇನು ಅಂತೀರಲ್ರಿ ಸಾಹೇಬ್ರ! ಡಬ್ಬಿ ತುಂಬ ಅದಾವು."

"ಯಾವ ಗಾಡೀವು?"

"ಗಾಡಿ ಯಾವುದರ ಇರ್ವಲ್ದ್ಯಾಕ. ಕಿಡಿ ಬಂದ್ರ ಸಾಕಲ್ಲ?"

ಅವನ ಹತ್ತಿರ ಕೈಯಿಂದ ತಿರುವುವ ಒಂದು ಹಳೇ ಮ್ಯಾಗ್ನೆಟೋ ಇತ್ತು, ಕಿಡಿಗೆ ಬೇಕಾದ ಕರೆಂಟು ಹುಟ್ಟಿಸುವ ಯಂತ್ರ. ಡಬ್ಬಿಯೊಳಗಿಂದ ಒಂದು ಜಪಾನಿ ಪ್ಲಗ್ಗು ತೆಗೆದು ಅದಕ್ಕೆ ತಂತಿ ಸಿಕ್ಕಿಸಿ ಗರಗರ ತಿರುವಿದ. ನೀಲಿ ಕಿಡಿ ಚಟಚಟ ಹಾರಿತು. "ನೋಡ್ರಿ, ನೋಡ್ರಿ, ಹ್ಯಾಂಗ ಮಿಂಚಾಕತ್ತೈತಿ!" ಅಂತ ಚಾಚಾ ತನ್ನ ಮಗಳ ಮದುವೆಯ ಮದ್ದು ಹಾರಿಸುವವನ ಹಾಗೆ ಹಿಗ್ಗಿದ. ನನ್ನ ಜೀವವೂ ಹಿಗ್ಗಿತು. ಕಿಸೆಯಲ್ಲಿ ಇಟ್ಟುಕೊಂಡು, ರೈಲಿನಲ್ಲಿ ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡು ಊರಿಗೆ ಬಂದೆ.

ಮನೆಗೆ ಬಂದು ಪೋಸ್ಟಕಾರ್ಡನ್ನು ಎರಡು ಮಡಿಕೆ ಮಾಡಿ ಕಡ್ಡಿಗಳ ನಡುವೆ ಅಷ್ಟೇ ಸಂದು ಬಿಟ್ಟೆ. ಪ್ಲಗ್ಗನ್ನು ಸಿಲಿಂಡರಿನ ಮೇಲೆ ಮಲಗಿಸಿ ಕಿಕ್ಕು ಹೊಡೆದೆ, ಭರ್ಜರಿ ಕಿಡಿ. ಒಳಗೆ ತಿರುಪಿ ಕಿಕ್ಕು ಹೊಡೆದೆ, ಏನೂ ಇಲ್ಲ. ಮತ್ತೆ ಬಿಚ್ಚಿ ಹೊರಗೆ ನೋಡಿದೆ, ಕಿಡಿ ಇದೆ. ಒಳಗೆ ಹಾಕಿದೆ, ಇಲ್ಲ. ಹೊರಗೆ ಇದೆ, ಒಳಗೆ ಇಲ್ಲ. ಬಯಲಿನಲ್ಲಿ ಹಾರುವ ಕಿಡಿ ಬೇರೆ, ಪಿಸ್ಟನ್ನು ಗಾಳಿಯನ್ನು ಒತ್ತಿ ಹಿಡಿದಾಗ ಹಾರಬೇಕಾದ ಕಿಡಿ ಬೇರೆ ಅನ್ನುವುದು ನನಗೆ ತಿಳಿಯುವ ಹೊತ್ತಿಗೆ ಬಲಗಾಲಿನ ಮೀನಖಂಡ ಬಾತುಕೊಂಡಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಪ್ಲಗ್ಗು ಕಿತ್ತು ಹಿತ್ತಿಲಿಗೆ ಎಸೆದೆ. ಆಮೇಲೆ ಕಂದೀಲು ಹಿಡಿದು ಹುಡುಕಿಯೂ ತಂದೆ.

ಮರುವಾರ ಮತ್ತೆ ಹುಬ್ಬಳ್ಳಿ. "ಚಾಚಾ, ನಿಮ್ಮ ಪ್ಲಗ್ಗ ಬರೇ ನಿಮ್ಮ ಅಂಗಡ್ಯಾಗಷ್ಟ ಉರೀತೈತಿ," ಅಂದೆ.

"ಅಂಗಡ್ಯಾಗ ಉರದದ್ದನ್ನ ನಾ ಮಾರೇನಿ. ಗಾಡ್ಯಾಗಿಂದು ನಿಮ್ಮ ನಸೀಬಾ!" ಅಂತ ಹೊಟ್ಟೆ ಕುಣಿಸಿ ನಕ್ಕ. ನಕ್ಕರೂ ಬರಿಗೈಲಿ ಕಳಿಸಲಿಲ್ಲ. ಮಿಲಿಟರಿ ಲಾರಿಯಿಂದ ಬಂದದ್ದು ಅಂತ ಒಂದು ಗಟ್ಟಿಮುಟ್ಟಾದ ಪ್ಲಗ್ಗು ಕೊಟ್ಟ. ಅದಕ್ಕೆ ಗತ್ತು ಭಾಳ, ಆದರೆ ಉದ್ದವೂ ಭಾಳ. ಒಳಗೆ ಪೂರ್ತಿ ತಿರುಪಿ ಕಿಕ್ಕು ಒತ್ತಿದೆನೋ ಇಲ್ಲವೋ, ಟಕ್ ಅಂತ ಪಿಸ್ಟನ್ನಿನ ತಲೆ ತಾಗಿದ ಸಪ್ಪಳ ಕೇಳಿ ಅಲ್ಲಿಗೇ ಕಾಲು ತೆಗೆದೆ. ಬಿಚ್ಚಿದರೆ ಕಡ್ಡಿ ಮಡಚಿ ಕೂತಿತ್ತು. ಪುಣ್ಯಕ್ಕೆ ಪಿಸ್ಟನ್ನಿಗೆ ಏನೂ ಆಗಿರಲಿಲ್ಲ. ಕಡ್ಡಿ ನೆಟ್ಟಗೆ ಮಾಡಿ, ಕೆಳಗೆ ತಾಮ್ರದ ಬಿಲ್ಲೆಗಳನ್ನು ಒಂದರ ಮೇಲೊಂದು ಹಾಕಿ ಎತ್ತರಿಸಿ ನೋಡಿದೆ. ಗಾಡಿ ಶುರುವಾಯಿತು! ಮನೆಯ ಮುಂದಿನಿಂದ ಓಣಿಯ ತಿರುವಿನ ತನಕ ರಾಜನ ಹಾಗೆ ಹೋದೆ, ಅಲ್ಲಿಂದ ನೂಕಿಕೊಂಡು ಬಂದೆ. ಪ್ಲಗ್ಗಿನ ಮೂತಿ ಮಸಿಯಿಂದ ಮುಚ್ಚಿಹೋಗಿತ್ತು. ಆಗಿನ ಪೆಟ್ರೋಲೂ ಹಾಗೇ ಇತ್ತು, ಸೀಮೆ ಎಣ್ಣೆಯ ವಾಸನೆ ಬಡಿಯುತ್ತಿತ್ತು.

ಮಸಿ ಹಿಡಿದ ಪ್ಲಗ್ಗನ್ನು ಕೆಂಡದ ಮೇಲಿಟ್ಟು ಕಾಯಿಸಿ ತಂತಿಯ ಬ್ರಶ್ಶಿನಿಂದ ತಿಕ್ಕಬೇಕು. ಅದಕ್ಕಾಗಿ ಎಷ್ಟೋ ತಿಂಗಳ ಮೇಲೆ ಅವ್ವನ ಒಲೆ ಹೊತ್ತಿಸಿದೆ. ಸಂಜೆ ಖಾನಾವಳಿಯಲ್ಲಿ ಉಂಡು ಬಂದು, ಅಡಿಗೆ ಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಚಿಮಟದಲ್ಲಿ ಪ್ಲಗ್ಗು ಹಿಡಿದು ಕಾಯಿಸುವುದು ನನ್ನ ದಿನದ ಕೆಲಸವಾಯಿತು. ಹೊಗೆ ಎದ್ದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಗೆಗೇ ಬರುತ್ತಿತ್ತು ಅಂತ ನಾನೇನೂ ಆಣೆ ಮಾಡುವುದಿಲ್ಲ. ಆ ಒಲೆಯ ಮೇಲೆ ರೊಟ್ಟಿ ಉಬ್ಬುವುದನ್ನು ನೋಡುತ್ತ ಬೆಳೆದವನು ನಾನು, ಈಗ ಅಲ್ಲಿ ಕಬ್ಬಿಣ ಬೇಯಿಸುತ್ತ ಕೂತಿದ್ದೆ. ಪ್ಲಗ್ಗಿನ ಕೂಡ ಮಾತಾಡುವುದೂ ಶುರುವಾಗಿತ್ತು. "ನಾಳೆರ ಮರ್ಯಾದಿಲೆ ಉರೀತಿಯೋ ಇಲ್ಲೋ?" ಅಂತ ಕೇಳುತ್ತಿದ್ದೆ. ಹೀಗೇ ಇನ್ನೊಂದು ವರ್ಷ ಕಳೆದರೆ ನನಗೆ ಹುಚ್ಚು ಹಿಡಿಯುತ್ತದೆ ಅಂತ ಆಗ ನಿಜವಾಗಿಯೂ ಹೆದರಿಕೆ ಆಯಿತು.

ಮೂರನೆಯ ಸಲ ಹೋದಾಗ ಚಾಚಾ ನಗಲಿಲ್ಲ. "ಎದಕ್ಕ ಇಷ್ಟ ಜೀವಾ ತಿನ್ನಾಕತ್ತೀರಿ ಸಾಹೇಬ್ರ? ಸರಕಾರದ ಕೆಲಸ ನಾಕ ದಿನ ನಿಂತ್ರ ಏನ್ ಮುಳಗತೈತಿ?" ಅಂದ.

"ಸರಕಾರದ ಕೆಲಸ ಅಲ್ರಿ. ಪಂಚಮಿಗೆ ತಂಗೀನ ಕರಕೊಂಡು ಬರಬೇಕು."

ಚಾಚಾ ಗಡ್ಡ ನೀವಿಕೊಂಡ. "ಹಂಗಂತ ಮೊದಲ ಹೇಳಬಾರ್ದೇನ್ರಿ?" ಅಂದು ಎದ್ದು ಒಳಗೆ ಹೋದ. ಮೊದಲೇ ಹೇಳಿದ್ದರೆ ಮೊದಲೇ ಒಳಗೆ ಹೋಗುತ್ತಿದ್ದನೋ ಏನೋ! ಒಳಗಿನಿಂದ ಚಿಂದಿಯಲ್ಲಿ ಸುತ್ತಿದ ಒಂದು ಹಳೇ ಪ್ಲಗ್ಗು ತಂದ. ಪಿಂಗಾಣಿಯ ಬದಲು ಅಭ್ರಕದ ಪದರು ಇದ್ದ ಪ್ಲಗ್ಗು, ನನ್ನ ಗಾಡಿಗಿಂತ ಹಳೇ ಕಾಲದ್ದು. ಅದು ಯಾವ ಗಾಡಿಯದ್ದು, ಓಡುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಈ ಸಲ ಮ್ಯಾಗ್ನೆಟೋ ತಿರುವಿ ತೋರಿಸಲೂ ಇಲ್ಲ. "ಅಲ್ಲಾನ ಹೆಸರ ತಗೊಂಡು ಹಾಕ್ರಿ," ಅಂದ.

ಹಾಕಿದೆ. ಮೊದಲ ಕಿಕ್ಕಿಗೇ ಗಾಡಿ ಗುಡುಗಿತು. ಏನು ಹೇಳಲಿ! ಕೆಲಗೇರಿಯ ಕೆರೆಯ ತನಕ ಒಂದೇ ಉಸಿರಿಗೆ ಹೋದೆ. ಎಂಜಿನ್ನಿನ ಸಪ್ಪಳ ಒಂದು ಸಲವೂ ತಪ್ಪಲಿಲ್ಲ. ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಒಬ್ಬನೇ ನಕ್ಕೆ. ನಗು ಮುಗಿಸಿ ಕಿಕ್ಕು ಹೊಡೆದರೆ ಸತ್ತೇಹೋಗಿತ್ತು. ಬಿಚ್ಚಲು ಹೋದರೆ ಕೈ ಸುಟ್ಟಿತು. ಒಂದು ತಾಸು ಕೆರೆಯ ನೀರು ನೋಡುತ್ತ ಕೂತು, ಎಂಜಿನ್ ತಣ್ಣಗಾದ ಮೇಲೆ ಕಿಕ್ಕು ಹೊಡೆದೆ, ಏನೂ ಆಗಿಲ್ಲವೆಂಬಂತೆ ಮತ್ತೆ ಗುಡುಗಿತು. ಅವತ್ತಿಗೆ ಅದರ ಗುಣ ತಿಳಿಯಿತು: ಓಡುತ್ತಿರುವ ತನಕ ಚಿನ್ನದಂಥ ಪ್ಲಗ್ಗು. ಬಿಸಿಯಾಗಿದ್ದಾಗ ಎಂಜಿನ್ ನಿಂತಿತೋ, ಆರುವ ತನಕ ಮತ್ತೆ ಏಳುವುದಿಲ್ಲ. ಇರಲಿ, ಉಪ್ಪಿನಬೆಟಗೇರಿಯ ತನಕ ನಡುವೆ ನಿಲ್ಲದೆ ಹೋದರಾಯಿತು, ಅಲ್ಲಿ ಉಂಡು ಏಳುವಷ್ಟರಲ್ಲಿ ಆರಿರುತ್ತದೆ, ಮತ್ತೆ ನಿಲ್ಲದೆ ಬಂದರಾಯಿತು ಅಂದುಕೊಂಡೆ.

ಆಮೇಲಿನ ದಿನಗಳು ಹೇಗೆ ಹೋದವೋ. ಸೈಡ್‌ಕಾರಿನೊಳಗೆ ಹೊಸ ಗಾದಿ ಹೊಲಿಸಿ ಹಾಕಿಸಿದೆ. ಮಳೆ ಬಂದರೆ ಅಂತ ಮೇಣಗಪಡದ ಚಪ್ಪರ ಮಾಡಿಸಿದೆ. ತಂಗಿಯ ಸಣ್ಣ ಮಗಳು ಬೀಳದಿರಲಿ ಅಂತ ಅಡ್ಡ ಒಂದು ಪಟ್ಟಿ ಹಾಕಿಸಿದೆ. ಮನೆಯಲ್ಲಿ ಜೋಕಾಲಿಯ ಹಗ್ಗ ತೊಳೆದು ಒಣಗಿಸಿ ತೊಲೆಗೆ ಕಟ್ಟಿದೆ. ನನ್ನ ತಯಾರಿಯಲ್ಲಿ ಕುಂದು ಹುಡುಕಲಿ ನೋಡೋಣ ಅನ್ನುವಷ್ಟು ಗರ್ವ ಬಂದಿತ್ತು.

ರೊಟ್ಟಿ ಪಂಚಮಿಯ ದಿನ ಬೆಳಿಗ್ಗೆ ಹೊರಟೆ. ತುಂತುರು ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ನಾನೇ ಓವರ್ಸಿಯರ್ ಆಗಿದ್ದ ರಸ್ತೆ, ಅದರ ತಗ್ಗುಗಳನ್ನು ಬೈಯಲು ಬೇರೆ ಯಾರನ್ನೂ ಹುಡುಕುವಂತಿರಲಿಲ್ಲ. ಎರಡೂ ಬದಿಗೆ ಎರೆಯ ಹೊಲಗಳಲ್ಲಿ ಹೆಸರು ಹಸಿರಾಗಿ ನಿಂತಿತ್ತು. ಪ್ಲಗ್ಗಿನ ಮೇಲೆಯೇ ಕಿವಿ ಇಟ್ಟು, ಉಸಿರು ಬಿಗಿ ಹಿಡಿದು ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ಊರು ಮುಟ್ಟಿದಾಗ ಹುಡುಗರ ದಂಡು ಹಿಂದೆ ಬಿತ್ತು. ತಂಗಿಯ ಅತ್ತೆ ಮನೆಯ ಮುಂದೆ ಗಾಡಿ ನಿಂತಾಗ ತಂಗಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಓಡಿಬಂದಳು.

"ಅಣ್ಣಾ! ಖರೇನ ತಂದೇನೋ ಫಟಫಟಿ!"

ಅವಳ ಹಿಂದೆ ಅವಳ ನಾಲ್ಕು ವರ್ಷದ ಮಗಳು, ನನ್ನ ಸೊಸೆ, ಬಂದಳು. ನನ್ನನ್ನು ಬಿಟ್ಟು ಸೀದಾ ಸೈಡ್‌ಕಾರಿಗೆ ಹೋಗಿ ಕೂತಳು. ತಂಗಿಯ ಗಂಡ ಯಾವುದೋ ಕೆಲಸಕ್ಕೆ ಬೆಳಗಾವಿಗೆ ಹೋಗಿದ್ದ. ತಂಗಿಯ ಅತ್ತೆ ಬಾಗಿಲಿಗೆ ಬಂದು, "ಬರ್ರಿ ಬೀಗರ, ಕಾಲ್ ತೊಳಕೋರ್ರಿ. ಎಂಥಾ ಸಪ್ಪಳಾರೀ ಇದು! ಇದನ್ನ ಕೇಳಿ ನಮ್ಮ ಎಮ್ಮಿ ನಾಳಿ ಹಾಲ ಕೊಟ್ಟೀತೇನ್ರಿ?" ಅಂದಳು. ಒಳಗೆ ಓಣಿಯ ಹೆಂಗಸರು ಕೂತು ಹಂಚಿನ ಮೇಲೆ ರೊಟ್ಟಿ ತಟ್ಟುತ್ತಿದ್ದರು. ಮನೆ ತುಂಬ ಸುಟ್ಟ ಜೋಳದ ವಾಸನೆ. ನನಗೆ ಕಟಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಎಷ್ಟು ತಿಂದೆನೋ ನನಗೇ ಗೊತ್ತಿಲ್ಲ. ತಂಗಿ ಇಳಕಲ್ ಸೀರೆ ಉಟ್ಟು, ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

"ಹಂಗಾರ ಹೊರಡೂಣೇನ್ರಿ?" ಅಂದೆ.

ಅತ್ತೆ ಸೆರಗಿನಿಂದ ಕೈ ಒರಸಿಕೊಂಡಳು. "ಕರಕೊಂಡು ಹೋಗ್ರಿ, ಬ್ಯಾಡ ಅನ್ನಾಕ ನಾ ಯಾರು? ಆದ್ರ ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಕೇಳ್ರಿ."

"ಹಬ್ಬಾ ಮುಗಿಸಿ ವಾಪಸ್ ಬರೂಮುಂದ ಇಕಿ ಉಡಿ ಯಾರು ತುಂಬತಾರ?"

ಹೆಣ್ಣುಮಗಳು ತವರಿನಿಂದ ಹೊರಡುವಾಗ ಮನೆಯ ಮುತ್ತೈದೆ ಅವಳ ಸೆರಗಿನೊಳಗೆ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸಬೇಕು. ಬರಿ ಉಡಿಯಲ್ಲಿ ತವರಿನ ಹೊಸ್ತಿಲು ದಾಟುವುದೆಂದರೆ ನಮ್ಮಲ್ಲಿ ಅಪಶಕುನ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಹೋದ ಮೇಲೆ ಅವ್ವ ತನ್ನ ಕೈಯಿಂದ ತುಂಬುತ್ತಿರಲಿಲ್ಲ, ನಮ್ಮ ಸೋದರತ್ತೆಯನ್ನು ಕರೆಸುತ್ತಿದ್ದಳು. ಆ ಸೋದರತ್ತೆಯೂ ಅವ್ವನಿಗಿಂತ ಮೊದಲೇ ತೀರಿಕೊಂಡಿದ್ದಳು. ಆದರೆ ಉಡಿ ತುಂಬುವ ಹೊತ್ತಿನಲ್ಲಿ ನಾನು ಯಾವ ವರ್ಷವೂ ಮನೆಯೊಳಗೆ ಇದ್ದವನಲ್ಲ. ಹೊರಗೆ ಚಕ್ಕಡಿಯ ಹತ್ತಿರ ನಿಂತು, "ಲಗೂ ಮುಗಸ್ರಿ, ಹೊತ್ತಾತು!" ಅಂತ ಒದರುತ್ತಿದ್ದೆ. ಒಳಗಿನಿಂದ ತಂಗಿ ತುಂಬಿದ ಸೆರಗು ಹಿಡಿದುಕೊಂಡು ಬರುತ್ತಿದ್ದಳು, ನಾನು ಗಂಟು ಎತ್ತಿ ಚಕ್ಕಡಿಯಲ್ಲಿ ಇಡುತ್ತಿದ್ದೆ, ಅಷ್ಟೆ. ಪೆಟ್ರೋಲಿನ ವಿಚಾರ ಮಾಡಿದ್ದೆ, ಮಳೆಯ ವಿಚಾರ ಮಾಡಿದ್ದೆ, ಪ್ಲಗ್ಗಿನ ಸಲುವಾಗಿ ಕಾಲು ಮುರಿಯುವಷ್ಟು ಕಿಕ್ಕು ಹೊಡೆದಿದ್ದೆ. ಈ ವಿಚಾರ ಒಂದು ದಿನವೂ ತಲೆಗೆ ಬಂದಿರಲಿಲ್ಲ.

"ನಾನ ತುಂಬತೇನಿ," ಅಂದುಬಿಟ್ಟೆ.

ರೊಟ್ಟಿ ತಟ್ಟುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ. "ಗಂಡಸರು ತುಂಬೂದಲ್ರಿ ಅದು," ಅಂದಳು ಮೆತ್ತಗೆ.

"ನಮ್ಮ ಬಾಜೂ ಮನ್ಯಾಗ ಯಾರರ ಇದ್ದಾರು..."

"ಪಂಚಮ್ಯಾಗ ಯಾವ ಮನ್ಯಾಕಿ ತನ್ನ ತವರ ಬಿಟ್ಟು ಅಲ್ಲಿರ್ತಾಳ್ರಿ? ಇದ್ದರೂ ಬಾಜೂ ಮನ್ಯಾಕಿ ತುಂಬಿದ್ದು ತವರ ಉಡಿ ಆದೀತೇನು? ಮನ್ಯಾಗ ಒಂದು ಹೆಣ್ಣಜೀವ ಇಲ್ಲ. ಹೆಂಗ ಕಳಸ್ಲಿ, ನೀವ ಹೇಳ್ರಿ. ನನಗರ ಇಬ್ಬರು ಹೆಣ್ಣಮಕ್ಕಳು ಅದಾರ, ನನಗ ತಿಳೀದಿಲ್ಲೇನು?"

ಅವಳು ಜಗಳ ತೆಗೆದಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ನಾನು ಯಾವಾಗಲೂ ತಯಾರು. ಇಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ನಾನು ತಂಗಿಯ ಮುಖ ನೋಡಿದೆ. ಅವಳು ಕೆಳಗೆ ನೋಡುತ್ತ ಸೆರಗಿನ ತು‌ದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳಿಗೆ ಈ ಮಾತು ಮೊದಲೇ ಹೊಳೆದಿತ್ತು ಅಂತ ಆಗ ತಿಳಿಯಿತು. ಹೊಳೆದರೂ, ಅಣ್ಣ ಏನಾದರೂ ದಾರಿ ಮಾಡಿರುತ್ತಾನೆ ಅಂತ ನಂಬಿ ಸೀರೆ ಉಟ್ಟು ಕೂತಿದ್ದಳು.

"ನೀವ ಇಲ್ಲೇ ಇರ್ರಿ ಬೀಗರ. ಹಬ್ಬಾ ಮುಗಿಸಿಕೊಂಡು ಹೋದ್ರಾತು," ಅಂದಳು ಅತ್ತೆ. "ಮುಂದಿನ ಪಂಚಮಿಯೊಳಗ ಒಂದು ಲಗ್ನಾ ಮಾಡಿಕೊಂಡಿರ್ರಿ. ನಾನ ಖುದ್ದ ಬಂದು ನಿಮ್ಮ ತಂಗೀನ ಬಿಟ್ಟು ಬರ್ತೇನಿ."

"ಇಲ್ರಿ, ಕೆಲಸಾ ಐತಿ," ಅಂದೆ. ಎಂಥಾ ಕೆಲಸ, ಮಣ್ಣು! ಕರೆಯಲು ಬಂದ ಅಣ್ಣ, ಬರಿಗೈಲಿ ಅದೇ ಮನೆಯಲ್ಲಿ ಎಲೆ ಹಾಕಿಸಿಕೊಂಡು ಕೂಡುವುದೇ? ನನಗೆ ಮುಖ ಉರಿಯುತ್ತಿತ್ತು. ಎದ್ದು ಹೊರಗೆ ಬಂದೆ. ಎಂಜಿನ್ ಆರಿತ್ತು. ಒಂದೇ ಕಿಕ್ಕಿಗೆ ಶುರುವಾಯಿತು.

ತಂಗಿ ಒಳಗಿನಿಂದ ಉಂಡಿಯ ಗಂಟು ತಂದು ಸೈಡ್‌ಕಾರಿನಲ್ಲಿ ಇಟ್ಟಳು. ತವರಿನಿಂದ ಉಂಡಿ ಹೊತ್ತು ಬರಬೇಕಾದವಳು ತವರಿಗೆ ಉಂಡಿ ಕಳಿಸುತ್ತಿದ್ದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಗಸಿ ತನಾ ಕುಂತ ಬರ್ತೇನ್ರಿ ಅತ್ತಿ," ಅಂದಳು. ಅತ್ತೆ ತಲೆ ಆಡಿಸಿದಳು. ತಂಗಿ ತಲೆಯ ಮೇಲೆ ಸೆರಗು ಹೊದ್ದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೈಡ್‌ಕಾರಿನಲ್ಲಿ ಕೂತಳು. ಹುಡುಗರು ಕೇಕೆ ಹಾಕುತ್ತ ಹಿಂದೆ ಓಡಿದರು. ಕೆಸರಿನಲ್ಲಿ ಮೆಲ್ಲಗೆ, ಊರೆಲ್ಲ ಸುತ್ತಿಸಿ, ಬೇಕೆಂತಲೇ ಉದ್ದನೆಯ ಓಣಿಗಳನ್ನು ಹಿಡಿದು ಅವರನ್ನು ಊರ ಹೆಬ್ಬಾಗಿಲಾದ ಅಗಸಿಯ ತನಕ ತಂದೆ. ದಾರಿಯುದ್ದಕ್ಕೂ ಅವಳು ಹೊಸ ಗಾದಿಯನ್ನು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದಳು.

ಅಗಸಿಯ ಹತ್ತಿರ ಅವಳು ಇಳಿದಳು. ಸೊಸೆ ಇಳಿಯಲಿಲ್ಲ. ಸೈಡ್‌ಕಾರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು, "ಮಾಮಾ, ಹೋಗೂಣು! ಮಾಮಾ, ನಿಮ್ಮನಿಗೆ ಹೋಗೂಣು!" ಅಂತ ಹಟ ಮಾಡಿತು. ತಂಗಿ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೂಸು ನನ್ನ ಕಡೆ ಎರಡೂ ಕೈ ಚಾಚಿ ಅಳತೊಡಗಿತು. ಎತ್ತಿಕೊಂಡು ರಮಿಸಬೇಕಾದವನು ನಾನು. ಒಂದು ಕೈ ಕ್ಲಚ್ಚಿನ ಮೇಲಿತ್ತು, ಒಂದು ಕೈ ಪೆಟ್ರೋಲಿನ ಹಿಡಿಯ ಮೇಲಿತ್ತು. ಬಿಟ್ಟರೆ ಎಂಜಿನ್ ನಿಲ್ಲುತ್ತದೆ, ನಿಂತರೆ ಆ ಪ್ಲಗ್ಗು ಬಿಸಿಯಲ್ಲಿ ಮತ್ತೆ ಏಳುವುದಿಲ್ಲ. ಅದಕ್ಕೆ ಕೈ ಬಿಡಲಿಲ್ಲ. ಕೂತಲ್ಲಿಂದಲೇ "ಬರ್ತೇನವಾ" ಅಂದೆ. ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ಕಣ್ಣೊರಸಿಕೊಳ್ಳುತ್ತ ಹೊರಳಿ ಹೋದಳು. ನಾನು ಗಾಡಿ ಬಿಟ್ಟೆ.

ಅರ್ಧ ದಾರಿ ಬಂದ ಮೇಲೆ, ಮೋಡ ಕವಿದ ಎರೆಯ ಬಯಲಿನ ನಡುವೆ, ನನಗೆ ಹೊಳೆಯಿತು. ನಿಂತಿದ್ದರೆ ಏನಾಗುತ್ತಿತ್ತು? ಅಗಸಿಯ ಮುಂದೆ ಎಂಜಿನ್ ಸತ್ತಿದ್ದರೆ ನಾನೇನು ಮಾಡುತ್ತಿದ್ದೆ? ಕೂಸನ್ನು ಎತ್ತಿಕೊಳ್ಳುತ್ತಿದ್ದೆ. ಗಾಡಿ ಕೆಟ್ಟಿತು ಅಂತ ಎಲ್ಲರ ಎದುರಿಗೆ ಮರ್ಯಾದೆಯಿಂದ ಹೇಳಿ ತಂಗಿಯ ಮನೆಗೆ ಮರಳುತ್ತಿದ್ದೆ. ಹಬ್ಬ ಮುಗಿಯುವ ತನಕ ಅಲ್ಲೇ ಉಳಿಯುತ್ತಿದ್ದೆ, ಯಾರೂ ಏನೂ ಅನ್ನುತ್ತಿರಲಿಲ್ಲ, ನನ್ನ ಬಿಂಕಕ್ಕೂ ಏನೂ ಆಗುತ್ತಿರಲಿಲ್ಲ. ಈಗ ಹಿಂದಿರುಗಿ ಹೋಗಲು ಯಾವ ನೆಪವೂ ಇರಲಿಲ್ಲ. ನಿಲ್ಲಪ್ಪಾ, ಒಂದು ಸಲ ನಿಲ್ಲು, ಇನ್ನೂ ಮರಳಿ ನಡೆದು ಹೋಗುವಷ್ಟು ಹತ್ತಿರ ಇದ್ದೇನೆ ಅಂತ ಎಂಜಿನ್ನಿಗೆ ಕೈಮುಗಿಯುವುದೊಂದು ಬಾಕಿ. ಬೇಕೆಂತಲೇ ನೀರು ನಿಂತ ತಗ್ಗಿನೊಳಗೆ ಇಳಿಸಿದೆ, ಏರಿನಲ್ಲಿ ಗೇರು ಬದಲಿಸದೆ ಹತ್ತಿಸಿದೆ. ಕಿವಿಗೊಟ್ಟು ಕೇಳಿದೆ, ಧಾರವಾಡ ಮುಟ್ಟುವ ತನಕ ಒಂದು ಸಲವೂ ತಪ್ಪಲಿಲ್ಲ, ಹಾಳಾದ್ದು.